ಮನೆಯೊಳಗಣ ಭಂಗಿಯ ಗಿಡ ಮತ್ತು ದೀಪದ ಆಯ್ಕೆ

ಜರ್ಮನಿ ದೇಶದಲ್ಲಿ ೨೦೨೪ನೆಯ ಇಸವಿ ಏಪ್ರಿಲ್ ೧ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಪ್ರಾಪ್ತವಯಸ್ಕರಾದವರು ತಮ್ಮ ವಾಸದ ಮನೆಯಲ್ಲಿ ಸ್ವಂತ ಉಪಯೋಗಕ್ಕಾಗಿ ಏಕಕಾಲಕ್ಕೆ ಮೂರು ಭಂಗಿಯ ಗಿಡಗಳನ್ನು ಬೆಳೆಸಬಹುದು. ಕೆನಡ ದೇಶದಲ್ಲಿ ೨೦೧೮ನೆಯ ಅಕ್ಟೋಬರ್ ೧೭ರಿಂದಲೇ, ಕ್ವಿಬೆಕ್ ಮೊದಲಾದೆಡೆಯ ನಿಷೇಧವನ್ನು ಬಿಟ್ಟರೆ, ಮನೆಯೊಂದಕ್ಕೆ ನಾಲ್ಕು ಗಿಡಗಳಿಗೆ ಅನುಮತಿಯುಂಟು. ಭಾರತದಲ್ಲಾದರೋ ೧೯೮೫ರ ಮಾದಕದ್ರವ್ಯಗಳ ಕಾಯಿದೆಯಂತೆ ಸರ್ಕಾರದ ಅಪ್ಪಣೆಯಿಲ್ಲದೆ ಈ ಗಿಡವನ್ನು ಬೆಳೆಯುವುದು ಹತ್ತು ವರ್ಷಗಳವರೆಗಿನ ಕಠಿಣ ಸಜೆಗೆ ಗುರಿಪಡಿಸುವ ಅಪರಾಧ. ಆದುದರಿಂದ ಇಲ್ಲಿ ಹೇಳತಕ್ಕ ವಿಷಯವು ಜರ್ಮನಿಯ ಮನೆಗಳಿಗೆ ಸಂಬಂಧಪಟ್ಟುದೆಂದು ವಾಚಕರು ಮೊದಲೇ ಅರಿಯಬೇಕು. ಆದರೆ ಗಿಡಕ್ಕೂ ದೀಪಕ್ಕೂ ಇರುವ ಸಂಬಂಧದ ನಿಯಮಗಳು ದೇಶಭೇದವನ್ನು ಎಣಿಸುವುದಿಲ್ಲ. ನಮ್ಮಲ್ಲಿ ಸಸಿಗಳನ್ನೋ ಅಂಗಾಂಶ ಕೃಷಿಯ ಪೈರನ್ನೋ ಕೊಠಡಿಯೊಳಗೆ ಬೆಳೆಸುವವರಿಗೂ ಅವು ಹಾಗೆಯೇ ಅನ್ವಯಿಸುತ್ತವೆ.

ಬರ್ಲಿನ್ ನಗರದಲ್ಲಿ ಡಿಸೆಂಬರ್ ತಿಂಗಳ ನಡುವಿನ ಹಗಲು ಎಂಟು ಗಂಟೆಗಿಂತಲೂ ಕಡಮೆ. ಅಂತಹ ದೇಶದಲ್ಲಿ ಕಿಟಕಿಯ ಬೆಳಕನ್ನೇ ನಂಬಿ ಬಿಸಿಲನ್ನು ಬಯಸುವ ಗಿಡವನ್ನು ವರ್ಷವೆಲ್ಲ ಬೆಳೆಸಲಾಗದು. ಆದಕಾರಣ ಗೃಹಸ್ಥರು ಒಂದು ಅಟ್ಟದ ಮೂಲೆಯನ್ನೋ, ಬೀರುವಿನಷ್ಟು ಅಗಲದ ಬಟ್ಟೆಯ ಗೂಡನ್ನೋ ಮಾಡಿಕೊಂಡು ದೀಪವನ್ನು ಕೊಳ್ಳಲು ಹೊರಡುತ್ತಾರೆ. ಅಂಗಡಿಯಲ್ಲಿ ಒಂದು ಪೆಟ್ಟಿಗೆಯ ಮೇಲೆ ವಾಟ್, ಇನ್ನೊಂದರ ಮೇಲೆ ಲ್ಯೂಮೆನ್, ಮತ್ತೊಂದರ ಮೇಲೆ ನೇರಿಳೆ ಬಣ್ಣದ ಚಿತ್ರ ಇರುವುದು. ಇವುಗಳಲ್ಲಿ ಯಾವುದೂ ಗಿಡದ ಪ್ರಶ್ನೆಗೆ ಉತ್ತರವಲ್ಲ. ಗಿಡದ ಪ್ರಶ್ನೆ ಯಾವುದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೧. ಕಣ್ಣಿನ ಅಳತೆ, ಎಲೆಯ ಅಳತೆ

ಲ್ಯೂಮೆನ್ ಎಂಬುದು ಮನುಷ್ಯನ ಕಣ್ಣಿಗಾಗಿ ಏರ್ಪಟ್ಟ ಮಾನ. ನಮ್ಮ ಕಣ್ಣು ೫೫೫ ನ್ಯಾನೋಮೀಟರ್ ಅಲೆಯುದ್ದದ ಹಸುರು ಬೆಳಕನ್ನು ಅತ್ಯಂತ ಚೆನ್ನಾಗಿ ಗ್ರಹಿಸುತ್ತದೆ. ಕೆಂಪನ್ನೂ ನೀಲಿಯನ್ನೂ ಮಂದವಾಗಿ ಕಾಣುತ್ತದೆ. ಎಲೆಯ ಸ್ವಭಾವ ಬೇರೆ. ೧೮೮೨ರಲ್ಲಿ ಜರ್ಮನ್ ವಿಜ್ಞಾನಿಯಾದ ಏಂಗೆಲ್ಮನ್ನನು ಪಾಚಿಯ ಒಂದು ಎಳೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಬೀಳಿಸಿ, ಪ್ರಾಣವಾಯುವನ್ನು ಅರಸಿ ಚಲಿಸುವ ಸೂಕ್ಷ್ಮಜೀವಿಗಳನ್ನು ಅದರ ಸುತ್ತ ಬಿಟ್ಟನು. ಅವು ಕೆಂಪು ಮತ್ತು ನೀಲಿ ಬಿದ್ದ ಎಡೆಗಳಲ್ಲಿ ಗುಂಪುಗೂಡಿದುವು. ದ್ಯುತಿಸಂಶ್ಲೇಷಣೆಯು ಆ ಬಣ್ಣಗಳಲ್ಲಿ ಹೆಚ್ಚೆಂಬುದು ಹೀಗೆ ಕಣ್ಣಿಗೆ ಕಾಣುವಂತಾಯಿತು.

ಈ ಪ್ರಯೋಗದಿಂದ ಕೆಲವರು ಹಸುರು ಬೆಳಕು ಗಿಡಕ್ಕೆ ಕೇವಲ ನಿರುಪಯೋಗವೆಂದು ತೀರ್ಮಾನಿಸಿದರು. ಕೆಂಪು, ನೀಲಿಗಳೆರಡೇ ಇರುವ ನೇರಿಳೆ ದೀಪಗಳು ಹೆಚ್ಚು ಪ್ರಚಾರಕ್ಕೆ ಬಂದುದು ಈ ತಿಳಿವಳಿಕೆಯ ಬಲದಿಂದ. ಆದರೆ ೧೯೭೨ರಲ್ಲಿ ಮಕ್ರೀ ಎಂಬ ವಿದ್ವಾಂಸನು ೨೨ ಜಾತಿಯ ಬೆಳೆಗಳ ಎಲೆಗಳನ್ನು ಬಣ್ಣಬಣ್ಣದ ಬೆಳಕಿನಲ್ಲಿ ಪರೀಕ್ಷಿಸಿ, ಹಸುರು ಬೆಳಕೂ ಗಣನೀಯವಾಗಿ ಉಪಯೋಗವಾಗುವುದೆಂದು ತೋರಿಸಿದನು. ದಪ್ಪನೆಯ ಎಲೆಯೊಳಕ್ಕೂ ಮೇಲೆಲೆಗಳ ಕೆಳಗಣ ನೆರಳಿಗೂ ಹಸುರು ಬೆಳಕು ಆಳವಾಗಿ ಇಳಿಯುತ್ತದೆ. ಅಲ್ಲದೆ ನೇರಿಳೆ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣ ಕಾಣದಾದ್ದರಿಂದ, ರೋಗವನ್ನಾಗಲಿ ಗೊಬ್ಬರದ ಕೊರತೆಯನ್ನಾಗಲಿ ಬೆಳೆಗಾರನು ಹೊತ್ತಿಗೆ ಸರಿಯಾಗಿ ಗುರುತಿಸಲಾರನು. ಬಿಳಿಯ ಬೆಳಕಿಗೆ ಸ್ವಲ್ಪ ಕೆಂಪನ್ನು ಸೇರಿಸಿದ ದೀಪವೇ ಸಣ್ಣ ಕೋಣೆಗೆ ಹಿತವೆನ್ನಲು ಇಷ್ಟು ಕಾರಣ ಸಾಕು.

ಎಲೆಯು ಬೆಳಕನ್ನು ಕಣಕಣವಾಗಿ ಎಣಿಸಿ ಸ್ವೀಕರಿಸುತ್ತದೆ. ಈ ಕಣಕ್ಕೆ ಫೋಟಾನ್ ಎಂದು ಹೆಸರು. ೪೦೦ರಿಂದ ೭೦೦ ನ್ಯಾನೋಮೀಟರಿನವರೆಗಿನ ಫೋಟಾನುಗಳನ್ನು ಮೈಕ್ರೋಮೋಲ್ ಎಂಬ ಮಾನದಿಂದ ಎಣಿಸುವುದು ಈಗಿನ ಪದ್ಧತಿ. ಒಂದು ಮೈಕ್ರೋಮೋಲೆಂದರೆ ಆರರ ಮುಂದೆ ಹದಿನೇಳು ಸೊನ್ನೆಗಳನ್ನು ಬರೆದಷ್ಟು ಕಣಗಳು. ಒಂದು ಚದರ ಮೀಟರ್ ಎಲೆಯ ಹರವಿನ ಮೇಲೆ ಒಂದು ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೀಳುವುದೋ ಅದೇ ಬೆಳಕಿನ ತೀವ್ರತೆ. ಮಧ್ಯಾಹ್ನದ ನಿರ್ಮಲವಾದ ಬಿಸಿಲಿನಲ್ಲಿ ಇದು ಸುಮಾರು ೨೦೦೦; ರಾತ್ರಿ ದೀಪ ಹಚ್ಚಿದ ವಾಸದ ಕೋಣೆಯಲ್ಲಿ ನಾಲ್ಕೈದು ಮಾತ್ರ. ನಮ್ಮ ಕಣ್ಣು ಈ ಎರಡಕ್ಕೂ ಹೊಂದಿಕೊಂಡು ಎರಡನ್ನೂ ಬೆಳಕೆಂದೇ ಕರೆಯುವುದರಿಂದ, ಕಣ್ಣಿನ ಸಾಕ್ಷ್ಯವನ್ನು ಇಲ್ಲಿ ನಂಬಲಾಗದು.

೨. ಎಷ್ಟು ಬೆಳಕು ಬೇಕು

ಎಳೆಯ ಸಸಿಗೆ ೧೦೦ರಿಂದ ೩೦೦, ಎಲೆ ಕೊಂಬೆಗಳು ಬೆಳೆಯುವ ಕಾಲಕ್ಕೆ ೩೦೦ರಿಂದ ೬೦೦, ಹೂ ಬಿಡುವ ಕಾಲಕ್ಕೆ ೬೦೦ರಿಂದ ೧೦೦೦ ಮೈಕ್ರೋಮೋಲ್ ಎಂಬುದು ರೂಢಿಯಲ್ಲಿರುವ ಪ್ರಮಾಣ. ಕೆನಡದ ಗ್ವೆಲ್ಫ್ ವಿಶ್ವವಿದ್ಯಾನಿಲಯದವರು ೨೦೨೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ೧೨೦ರಿಂದ ೧೮೦೦ರವರೆಗೂ ಬೆಳಕು ಏರಿದಂತೆಲ್ಲ ಭಂಗಿಯ ಹೂವಿನ ಫಸಲೂ ಒಂದೇ ಸಮನಾಗಿ ಏರಿತು. ಆದರೆ ಹೂವಿನಲ್ಲಿರುವ ಮಾದಕ ಸತ್ವದ ಪ್ರಮಾಣವು ಏರಲಿಲ್ಲ. ಅತಿನೇರಿಳೆ ಕಿರಣಗಳನ್ನು ಕೊಟ್ಟರೆ ಸತ್ವ ಹೆಚ್ಚುವುದೆಂಬ ಜನಪ್ರಿಯವಾದ ನಂಬಿಕೆಯನ್ನೂ ಅವರು ಅದೇ ವರ್ಷ ಪರೀಕ್ಷಿಸಿದರು. ಫಸಲಾಗಲಿ ಸತ್ವವಾಗಲಿ ಹೆಚ್ಚಿದುದು ಕಂಡುಬರಲಿಲ್ಲ. ಆ ಕಿರಣಗಳ ಹೆಸರಿನಲ್ಲಿ ಹೆಚ್ಚಿನ ಬೆಲೆ ಕೇಳುವ ದೀಪಗಳ ವಿಷಯದಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ಸಾಧ್ಯವಾದಷ್ಟು ಹೆಚ್ಚು ಬೆಳಕೇ ಮೇಲಲ್ಲವೆ ಎಂದು ಯಾರಾದರೂ ಕೇಳಬಹುದು. ವ್ಯಾಪಾರಕ್ಕಾಗಿ ಬೆಳೆಯುವವನಿಗೆ ಅದು ಮೇಲಾಗಿರಬಹುದು. ಮನೆಯವನಿಗೆ ಅಲ್ಲ. ಜರ್ಮನಿಯ ಕಾಯಿದೆಯಂತೆ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಒಣಗಿದ ಸರಕು ೫೦ ಗ್ರಾಮ್ ಮಾತ್ರ, ಮಿಕ್ಕುದನ್ನು ನಾಶಮಾಡತಕ್ಕದ್ದು. ಮಿತಿಮೀರಿದ ಬೆಳಕಿನಿಂದ ಮಿತಿಮೀರಿದ ಫಸಲನ್ನು ಪಡೆದವನು ವಿದ್ಯುತ್ತಿಗೆ ಹಣ ತೆತ್ತು, ಫಲವನ್ನು ಕೈಯಾರೆ ಹಾಳುಮಾಡಬೇಕಾಗುವುದು, ಮಾಡದಿದ್ದರೆ ಅಪರಾಧಿಯಾಗುವನು. ಆದುದರಿಂದ ಸಣ್ಣ ಕೋಣೆಯಲ್ಲಿ ಗೊತ್ತುಮಾಡಬೇಕಾದುದು ಸಾಕಾಗುವಷ್ಟು ಬೆಳಕನ್ನು, ಗರಿಷ್ಠವನ್ನಲ್ಲ.

೩. ದೀಪದ ಜಾತಿಗಳು

ತಂತಿ ಕಾಯಿಸಿ ಉರಿಯುವ ಹಳೆಯ ಬಲ್ಬು ತಾನು ಪಡೆದ ಶಕ್ತಿಯಲ್ಲಿ ಬಹುಭಾಗವನ್ನು ಶಾಖವಾಗಿ ಕಳೆಯುವುದರಿಂದ ವಿಚಾರಕ್ಕೇ ಅರ್ಹವಲ್ಲ. ದೀಪಗಳನ್ನು ಹೋಲಿಸುವ ಸರಿಯಾದ ತಕ್ಕಡಿಯೆಂದರೆ, ಒಂದು ಜೂಲ್ ವಿದ್ಯುಚ್ಛಕ್ತಿಗೆ ಎಷ್ಟು ಮೈಕ್ರೋಮೋಲ್ ಬೆಳಕು ದೊರೆಯುವುದೆಂಬುದು. ಟ್ಯೂಬುದೀಪದಲ್ಲಿ ಇದು ಸುಮಾರು ೦.೯. ದೊಡ್ಡ ಸೋಡಿಯಂ ಆವಿದೀಪಗಳಲ್ಲಿ ಅತ್ಯುತ್ತಮವಾದುವುಗಳಿಂದ ೧.೭ರಷ್ಟು ಬರುವುದು, ಸಣ್ಣ ಸೋಡಿಯಂ ದೀಪಗಳಿಂದ ಇನ್ನೂ ಕಡಮೆ. ಎಲ್.ಇ.ಡಿ. ದೀಪಗಳ ಚರಿತ್ರೆ ಬೇರೆ. ೧೯೯೩ರಲ್ಲಿ ಜಪಾನಿನ ನಕಮುರ ಎಂಬಾತನು ಪ್ರಖರವಾದ ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ ಮೇಲೆ ಬಿಳಿಯ ಬೆಳಕು ಸಾಧ್ಯವಾಯಿತು. ಈ ಸಾಧನೆಗಾಗಿ ೨೦೧೪ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಅಕಸಾಕಿ, ಅಮಾನೊ, ನಕಮುರ ಈ ಮೂವರಿಗೆ ಸಂದಿತು. ಅದೇ ೨೦೧೪ರಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ವಿದ್ವಾಂಸರು ಅಳೆದಾಗ ಅತ್ಯುತ್ತಮವಾದ ಎಲ್.ಇ.ಡಿ.ಯೂ ಅತ್ಯುತ್ತಮವಾದ ಸೋಡಿಯಂ ದೀಪವೂ ಸರಿಸಮವಾಗಿದ್ದುವು. ಆಮೇಲೆ ಎಲ್.ಇ.ಡಿ. ಮುಂದೆ ಹೋಯಿತು, ಈಗ ಒಳ್ಳೆಯ ದೀಪಗಳು ೨.೫ರಿಂದ ೩ರವರೆಗೆ ಕೊಡುತ್ತವೆ.

ಇದಕ್ಕೆ ಪ್ರಕೃತಿಯೇ ಹಾಕಿದ ಎಲ್ಲೆಯೊಂದುಂಟು. ಒಂದು ಜೂಲ್ ಶಕ್ತಿಯೆಲ್ಲವೂ ಲೇಶವೂ ನಷ್ಟವಿಲ್ಲದೆ ೬೬೦ ನ್ಯಾನೋಮೀಟರಿನ ಕೆಂಪು ಬೆಳಕಾದರೆ ದೊರೆಯುವುದು ಸುಮಾರು ೫.೫ ಮೈಕ್ರೋಮೋಲ್, ೪೫೦ರ ನೀಲಿಯಾದರೆ ೩.೮ ಮಾತ್ರ. ಬಿಳಿ ಬೆಳಕಿನ ದೀಪವೊಂದು ಐದಾರು ಮೈಕ್ರೋಮೋಲ್ ಕೊಡುವುದೆಂದು ಯಾರಾದರೂ ಹೇಳಿದರೆ ಆ ಮಾತು ಸುಳ್ಳೆಂದು ಅಳೆಯದೆಯೇ ತಿಳಿಯಬಹುದು.

ಇದಕ್ಕಿಂತ ಸಾಮಾನ್ಯವಾದ ಮೋಸ ಇನ್ನೊಂದುಂಟು. ಪೆಟ್ಟಿಗೆಯ ಮೇಲೆ ‘೧೦೦೦ ವಾಟ್’ ಎಂದು ಅಚ್ಚಾಗಿರುವ ಅಗ್ಗದ ದೀಪವು ಗೋಡೆಯಿಂದ ಎಳೆಯುವುದು ಕೆಲವು ವೇಳೆ ೧೦೦ ವಾಟ್ ಮಾತ್ರ. ಹಳೆಯ ದೀಪಕ್ಕೆ ಸಮಾನವೆಂಬ ಅರ್ಥದಲ್ಲಿ ಆ ಅಂಕಿಯನ್ನು ಬರೆದಿದ್ದೇವೆಂದು ಮಾರುವವರು ಸಮಾಧಾನ ಹೇಳುತ್ತಾರೆ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವಿದ್ಯುನ್ಮಾಪಕವೊಂದು ನಿಜವನ್ನು ಕ್ಷಣದಲ್ಲಿ ಹೊರಗೆಡಹುತ್ತದೆ.

೪. ಒಂದು ಲೆಕ್ಕ

ಮೂರು ಗಿಡಗಳಿಗಾಗಿ ೮೦ ಸೆಂಟಿಮೀಟರ್ ಚದರದ ಗೂಡೊಂದನ್ನು ಭಾವಿಸೋಣ. ಅದರ ನೆಲ ೦.೬೪ ಚದರ ಮೀಟರ್. ಹೂವಿನ ಕಾಲಕ್ಕೆ ೭೦೦ರ ತೀವ್ರತೆ ಬೇಕೆಂದರೆ ಎಲೆಗಳ ಮೇಲೆ ಸೆಕೆಂಡಿಗೆ ೪೪೮ ಮೈಕ್ರೋಮೋಲ್ ಬೀಳಬೇಕು. ಗೋಡೆಗಳಲ್ಲಿ ಐದನೆಯ ಒಂದು ಭಾಗ ನಷ್ಟವಾಗುವುದೆಂದಿಟ್ಟುಕೊಂಡರೆ ದೀಪದಿಂದ ೫೬೦ ಹೊರಡಬೇಕಾಗುತ್ತದೆ. ಜೂಲಿಗೆ ೨.೮ ಕೊಡುವ ಎಲ್.ಇ.ಡಿ.ಗೆ ಇದಕ್ಕೆ ೨೦೦ ವಾಟ್ ಸಾಕು, ೦.೯ ಕೊಡುವ ಟ್ಯೂಬುದೀಪಗಳಿಗೆ ೬೨೨ ವಾಟ್ ಬೇಕು.

ಮೊದಲು ಒಂದು ತಿಂಗಳು ದಿನಕ್ಕೆ ೧೮ ಗಂಟೆ ಅರ್ಧಶಕ್ತಿಯಲ್ಲಿಯೂ, ಆಮೇಲೆ ಎರಡು ತಿಂಗಳು ದಿನಕ್ಕೆ ೧೨ ಗಂಟೆ ಪೂರ್ಣಶಕ್ತಿಯಲ್ಲಿಯೂ ದೀಪವು ಉರಿದರೆ, ಎಲ್.ಇ.ಡಿ.ಗೆ ೧೯೮ ಯೂನಿಟ್ಟುಗಳೂ ಟ್ಯೂಬುದೀಪಗಳಿಗೆ ಸುಮಾರು ೬೧೬ ಯೂನಿಟ್ಟುಗಳೂ ಖರ್ಚಾಗುವುವು. ಜರ್ಮನಿಯಲ್ಲಿ ೨೦೨೪ರಲ್ಲಿ ಗೃಹೋಪಯೋಗದ ವಿದ್ಯುತ್ತಿನ ದರವು ಯೂನಿಟ್ಟಿಗೆ ಸುಮಾರು ೪೦ ಸೆಂಟ್ ಇದ್ದಿತು. ಆ ದರದಲ್ಲಿ ಮೊದಲನೆಯದಕ್ಕೆ ೭೯ ಯೂರೋ, ಎರಡನೆಯದಕ್ಕೆ ೨೪೬ ಯೂರೋ. ಕೊಳ್ಳುವಾಗ ಉಳಿಸಿದಂತೆ ತೋರಿದ ಹಣವು ಒಂದೆರಡು ಫಸಲುಗಳಲ್ಲಿ ಹೀಗೆ ಕೈಬಿಡುತ್ತದೆ.

ದೀಪವು ಗೂಡಿನ ಚಾವಣಿಯುದ್ದಕ್ಕೂ ಹರಡಿರುವ ಹಲಗೆಯಂತೆಯೋ ಪಟ್ಟಿಗಳಂತೆಯೋ ಇದ್ದರೆ ಬೆಳಕು ಸಮನಾಗಿ ಬೀಳುತ್ತದೆ. ಒಂದೇ ಬಿಂದುವಿನಿಂದ ಹೊಮ್ಮಿದರೆ ನಡುವಿನ ಗಿಡ ಬೆಂದು ಮೂಲೆಯ ಗಿಡ ಸೊರಗುತ್ತದೆ. ಫೋಟಾನುಗಳನ್ನು ಎಣಿಸುವ ಮಾಪಕಕ್ಕೆ ಬೆಲೆ ಹೆಚ್ಚು. ಬಿಳಿಯ ಎಲ್.ಇ.ಡಿ. ಬೆಳಕಿನಲ್ಲಿ ಸಾಧಾರಣ ಲಕ್ಸ್ ಮಾಪಕದ ಅಂಕಿಯನ್ನು ೭೦ರಿಂದ ಭಾಗಿಸಿದರೆ ಮೈಕ್ರೋಮೋಲಿನ ಅಂದಾಜು ದೊರೆಯುವುದು. ನಡುವಿನಲ್ಲಿಯೂ ನಾಲ್ಕು ಮೂಲೆಗಳಲ್ಲಿಯೂ ಹೀಗೆ ಅಳೆದು ದೀಪದ ಎತ್ತರವನ್ನು ಗೊತ್ತುಮಾಡಬಹುದು. ಬೆಳಕನ್ನು ಏರಿಸಿ ಇಳಿಸುವ ತಿರುಪು ದೀಪದಲ್ಲಿಯೇ ಇರುವುದು ಅವಶ್ಯ. ಸಸಿಗೂ ಹೂ ಬಿಟ್ಟ ಗಿಡಕ್ಕೂ ಒಂದೇ ದೀಪ ಒದಗುವುದು ಅದರಿಂದಲೇ.

೫. ಕತ್ತಲೆಯ ಪಾತ್ರ

ಬೆಳಕಿನಷ್ಟೇ ಮುಖ್ಯವಾದುದು ಕತ್ತಲೆ. ಹಗಲಿನ ಅವಧಿಗೂ ಹೂ ಬಿಡುವಿಕೆಗೂ ಸಂಬಂಧವುಂಟೆಂಬುದನ್ನು ಮೊದಲು ಕಂಡವರಲ್ಲಿ ಫ್ರಾನ್ಸಿನ ಟೂರ್ನ್ವಾ ಎಂಬ ತರುಣನು ಒಬ್ಬನು; ಅವನು ೧೯೧೨ರ ಸುಮಾರಿನಲ್ಲಿ ಪರೀಕ್ಷಿಸಿದ ಸಸ್ಯಗಳಲ್ಲಿ ಭಂಗಿಯೂ ಒಂದು. ೧೯೨೦ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬುವರು ಹೊಗೆಸೊಪ್ಪು ಮೊದಲಾದ ಗಿಡಗಳ ಮೇಲಣ ಪ್ರಯೋಗಗಳಿಂದ ಈ ತತ್ತ್ವವನ್ನು ಸ್ಥಾಪಿಸಿದರು. ೧೯೩೮ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಇನ್ನೊಂದು ಜಾತಿಯ ಗಿಡದಲ್ಲಿ, ದೀರ್ಘವಾದ ರಾತ್ರಿಯ ನಡುವೆ ಅಲ್ಪಕಾಲ ಬೆಳಕು ಬಿದ್ದರೂ ಹೂ ನಿಲ್ಲುವುದೆಂದು ತೋರಿಸಿದರು. ಗಿಡವು ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಇರುಳನ್ನು.

ಈ ತತ್ತ್ವ ನಮ್ಮ ನಾಡಿಗೆ ಅಪರಿಚಿತವಲ್ಲ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆಯ ಹೊಲಗಳಲ್ಲಿ ರಾತ್ರಿ ಸಾಲುದೀಪಗಳು ಉರಿಯುವುದು ಇದರಿಂದಲೇ. ಇರುಳನ್ನು ಮುರಿದು, ಹೂವನ್ನು ತಡೆದು, ಗಿಡವನ್ನು ಮೊದಲು ಬಲಿಸುವುದು ರೈತನ ಉದ್ದೇಶ. ಭಂಗಿಯೂ ಸೇವಂತಿಗೆಯಂತೆ ಗಿಡ್ಡ ಹಗಲಿನ ಗಿಡ. ೧೮ ಗಂಟೆಯ ಬೆಳಕಿನಲ್ಲಿ ಅದು ಎಲೆಗಳನ್ನು ಬೆಳೆಸುತ್ತದೆ. ೧೨ ಗಂಟೆಯ ಅಖಂಡವಾದ ಕತ್ತಲೆ ದೊರೆತಾಗ ಹೂ ಬಿಡುತ್ತದೆ. ಹಗಲಿನ ಅವಧಿಯನ್ನು ಲೆಕ್ಕಿಸದೆ ವಯಸ್ಸಿಗೆ ಬಂದಾಗ ಹೂ ಬಿಡುವ ತಳಿಗಳೂ ಉಂಟು. ಅವುಗಳಿಗೆ ಈ ಕಟ್ಟಳೆ ಇಲ್ಲ. ಉಳಿದುವುಗಳಿಗೆ ದೀಪದೊಡನೆ ನಂಬಿಕೆಯ ಗಡಿಯಾರದ ಸ್ವಿಚ್ಚು ಬೇಕು. ಗೂಡಿನ ಹೊಲಿಗೆಯ ಸಂದನ್ನೂ, ಉಪಕರಣಗಳ ಮೇಲೆ ಮಿನುಗುವ ಸೂಚಕ ದೀಪಗಳನ್ನೂ ಮುಚ್ಚತಕ್ಕದ್ದು.

೬. ಶಾಖ ಮತ್ತು ಅಪಾಯ

ದೀಪವು ಪಡೆದ ವಿದ್ಯುತ್ತು ಹೆಚ್ಚುಕಡಮೆ ಎಲ್ಲವೂ ಕಡೆಗೆ ಗೂಡಿನಲ್ಲಿ ಶಾಖವಾಗಿಯೇ ಉಳಿಯುತ್ತದೆ. ೨೦೦ ವಾಟಿನ ದೀಪವೆಂದರೆ ಸುಮ್ಮನೆ ಕುಳಿತ ಇಬ್ಬರು ಮನುಷ್ಯರ ಮೈಶಾಖಕ್ಕೆ ಸಮಾನ. ಬೀರುವಿನೊಳಗೆ ಇಬ್ಬರನ್ನು ಕೂಡಿಸಿ ಬಾಗಿಲು ಹಾಕಿದಂತಾಗುವುದೆಂದು ಭಾವಿಸಿದರೆ ಗಾಳಿಯ ಅಗತ್ಯ ತಾನಾಗಿಯೇ ತಿಳಿಯುತ್ತದೆ. ಕುಂಡಕ್ಕೆ ಹಾಕಿದ ನೀರಿನ ಬಹುಭಾಗ ಎಲೆಗಳಿಂದ ಆವಿಯಾಗಿ ಹೊರಡುವುದರಿಂದ, ಗಾಳಿ ಆಡದಿದ್ದರೆ ಹೂವಿನಲ್ಲಿ ಬೂಷ್ಟು ಹಿಡಿಯುತ್ತದೆ.

ನೀರೂ ವಿದ್ಯುತ್ತೂ ಒಂದೇ ಇಕ್ಕಟ್ಟಿನಲ್ಲಿ ಇರುವುದು ನಿಜವಾದ ಅಪಾಯ. ದೀಪಕ್ಕೆ ವಿದ್ಯುತ್ತನ್ನು ಹದಗೊಳಿಸುವ ಡ್ರೈವರ್ ಪೆಟ್ಟಿಗೆಯನ್ನು ಗೂಡಿನ ಹೊರಗೆ ಇಡಲು ಬರುವಂತಿದ್ದರೆ ಲೇಸು. ಕೂಡುಹಲಗೆಗಳನ್ನು ನೆಲದ ಮೇಲೆ ಬಿಡದೆ ಗೋಡೆಗೆ ಏರಿಸಬೇಕು. ಸಿ.ಇ. ಎಂಬ ಗುರುತು ಬಹುಮಟ್ಟಿಗೆ ತಯಾರಕನ ಸ್ವಂತ ಘೋಷಣೆ. ಜರ್ಮನಿಯಲ್ಲಿ ಕಾಣುವ ಜಿ.ಎಸ್. ಎಂಬ ಮುದ್ರೆಯಾದರೋ ಹೊರಗಿನ ಪರೀಕ್ಷಕರು ಪರೀಕ್ಷಿಸಿದುದಕ್ಕೆ ಸಾಕ್ಷಿ. ಮನೆಯಲ್ಲಿರುವ ಮಕ್ಕಳಿಗೂ ಪರರಿಗೂ ಗಿಡ ಕೈಗೆ ಸಿಕ್ಕದಂತೆ ಕಾಯುವುದು ಆ ದೇಶದ ಕಾಯಿದೆಯೇ ವಿಧಿಸಿರುವ ಕರ್ತವ್ಯವಾದುದರಿಂದ ಗೂಡಿಗೆ ಬೀಗವೂ ಇರತಕ್ಕದ್ದು.

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು: ದೀಪವು ಗೋಡೆಯಿಂದ ನಿಜವಾಗಿ ಎಷ್ಟು ವಾಟ್ ಎಳೆಯುವುದು, ಒಂದು ಜೂಲಿಗೆ ಎಷ್ಟು ಮೈಕ್ರೋಮೋಲ್ ಕೊಡುವುದು, ಅದು ನನ್ನ ಗೂಡಿನ ಅಗಲಕ್ಕೆ ಸಮನಾಗಿ ಹರಡುವುದೆ, ಅದರ ಶಾಖವನ್ನು ಹೊರಗೆ ಕಳುಹಿಸಬಲ್ಲೆನೆ, ಅದನ್ನು ಹೊತ್ತಿಗೆ ಸರಿಯಾಗಿ ಆರಿಸಬಲ್ಲೆನೆ ಎಂಬ ಐದು ಪ್ರಶ್ನೆಗಳನ್ನು ಕೊಳ್ಳುವವನು ಕೇಳಬೇಕು. ಮೊದಲಿನ ಎರಡಕ್ಕೆ ಅಂಕಿಗಳಲ್ಲಿ ಉತ್ತರ ಕೊಡಲಾರದ ದೀಪವನ್ನು, ಬೆಲೆ ಎಷ್ಟೇ ಅಗ್ಗವಾಗಿರಲಿ, ಅಂಗಡಿಯಲ್ಲಿಯೇ ಬಿಟ್ಟು ಬರುವುದು ಕ್ಷೇಮ.