ಗುಡ್ಡದ ಬೈಸಿಕಲ್ಲು: ಯಾರಿಗೆ ಯಾವುದು?

ಬೈಸಿಕಲ್ಲೆಂದರೆ ನಾವು ಬಾಲ್ಯದಲ್ಲಿ ಕಂಡದ್ದು ಒಂದೇ ಜಾತಿ. ಕಪ್ಪು ಬಣ್ಣದ, ಎತ್ತರವಾದ, ಹಿಂದೊಂದು ಕ್ಯಾರಿಯರನ್ನೂ ಮುಂದೊಂದು ಗಂಟೆಯನ್ನೂ ಉಳ್ಳ ಆ ವಾಹನದ ಮೇಲೆ ಅಂಚೆಯವನೂ ಹೋಗುತ್ತಿದ್ದನು, ಹಾಲಿನವನೂ ಹೋಗುತ್ತಿದ್ದನು. ಅದೇ ಜಾತಿಯದರ ಮೇಲೆ ನಾವೂ ಬಹುಕಾಲ ಶಾಲೆಗೆ ಹೋದೆವು. ಯಾವ ಬಗೆಯದನ್ನು ಕೊಳ್ಳಬೇಕೆಂಬ ಜಿಜ್ಞಾಸೆಯೇ ಆಗ ಹುಟ್ಟುತ್ತಿರಲಿಲ್ಲ. ಕೊಳ್ಳಲು ಹಣವುಂಟೆ ಎಂಬುದೊಂದೇ ಪ್ರಶ್ನೆ. ಈಗಿನ ಮಾತು ಬೇರೆ. ಗುಡ್ಡಗಾಡಿನಲ್ಲಿ ತುಳಿಯುವುದಕ್ಕೆಂದೇ ಮಾಡಿದ ಬೈಸಿಕಲ್ಲುಗಳಲ್ಲಿಯೇ ಕ್ರಾಸ್‌ಕಂಟ್ರಿ, ಟ್ರೈಲ್, ಎಂಡ್ಯೂರೊ ಎಂಬ ಮೂರು ಮುಖ್ಯ ಪಂಗಡಗಳುಂಟು. ಪ್ರಾಯದ ಮಕ್ಕಳಿರುವ ಗೃಹಸ್ಥರ ಕಿವಿಗೆ ಈ ಹೆಸರುಗಳು ಇಂದಲ್ಲ ನಾಳೆ ಬೀಳತಕ್ಕವೇ. ಆದಕಾರಣ ನಮಗೆ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ನಮಗೆ ಈ ವಿಷಯದ ಪರಿಚಯವಾದುದು ತಮ್ಮನ ಮಗನಿಂದ. ಅವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ರಜೆ ಸಿಕ್ಕಿದಾಗ ಮಲೆನಾಡಿನ ನಮ್ಮ ಊರಿಗೆ ಬರುವನು. ಎರಡು ವರ್ಷಗಳ ಹಿಂದೆ, ಮಳೆ ಬಿಟ್ಟ ಒಂದು ಬೆಳಗ್ಗೆ, ಕಾಫಿ ತೋಟದ ಇಳಿಜಾರಿನಲ್ಲಿ ಅವನು ಬೈಸಿಕಲ್ಲಿನಿಂದ ಬಿದ್ದು ಹೆಗಲಿನ ಎಲುಬನ್ನು ಮುರಿದುಕೊಂಡನು. ಎಲುಬೇನೋ ಕೂಡಿಕೊಂಡಿತು, ಅವನ ತಾಯಿಯ ಎದೆಯ ನಡುಕ ಮಾತ್ರ ನಿಲ್ಲಲಿಲ್ಲ. ಕಳೆದ ಯುಗಾದಿಗೆ ಬಂದವನು ನಮ್ಮ ಬಳಿ ಕುಳಿತು, “ದೊಡ್ಡಪ್ಪ, ಈ ಸಲ ಎಂಡ್ಯೂರೊ ತೆಗೆದುಕೊಳ್ಳುತ್ತೇನೆ. ಎಂಥ ಕಲ್ಲಿನ ಮೇಲೆ ಹೋದರೂ ಅದು ಬೀಳಿಸುವುದಿಲ್ಲ. ನೀವೇ ಅಪ್ಪನಿಗೆ ಹೇಳಬೇಕು” ಎಂದನು. ಅದರ ಬೆಲೆಯೋ ಅವನ ಹಲವು ತಿಂಗಳ ಸಂಬಳ. ನಮ್ಮ ತಮ್ಮನಾದರೋ, “ಅಣ್ಣ, ಈ ಮನೆಯಲ್ಲಿ ಇನ್ನು ಬೈಸಿಕಲ್ಲಿನ ಹೆಸರನ್ನೇ ಎತ್ತಕೂಡದು” ಎಂದು ಹಟ ಹಿಡಿದನು. ತೀರ್ಪು ಹೇಳಬೇಕಾದವನು ಮೊದಲು ವ್ಯವಹಾರವನ್ನು ಅರಿಯಬೇಕಷ್ಟೆ. ಹೀಗಾಗಿ ಅರುವತ್ತರ ಪ್ರಾಯದಲ್ಲಿ ನಾವು ಮತ್ತೆ ವಿದ್ಯಾರ್ಥಿಗಳಾದೆವು.

ಗುಡ್ಡದ ಬೈಸಿಕಲ್ಲಿನ ಇಂದಿನ ವಂಶವು ಬೆಳೆದುದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರಿನ್ ಎಂಬ ಸೀಮೆಯಲ್ಲಿ. ಅಲ್ಲಿನ ಕೆಲವು ತರುಣರು, ದಪ್ಪ ಟೈರುಗಳ ಹಳೆಯ ಭಾರೀ ಬೈಸಿಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು, ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. ೧೯೭೬ರ ಅಕ್ಟೋಬರಿನಲ್ಲಿ ಅವರು ಏರ್ಪಡಿಸಿದ ಪಂದ್ಯದ ದಾರಿಯು ಸುಮಾರು ೨ ಮೈಲಿಗಳಲ್ಲಿ ೧೩೦೦ ಅಡಿಗಳಷ್ಟು ಇಳಿಯುವಂಥದು. ಆ ಗಾಡಿಗಳ ಬ್ರೇಕು ಹಿಂದಿನ ಗಾಲಿಯ ಹಬ್ಬಿನೊಳಗೆ ಇದ್ದಿತು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವುದು. ಒಂದು ಸಲ ಇಳಿಯುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿದ್ದುದರಿಂದ, ಪ್ರತಿ ಸಲವೂ ಹಬ್ಬನ್ನು ಬಿಚ್ಚಿ ಹೊಸ ಗ್ರೀಸನ್ನು ತುಂಬಬೇಕಾಗುತ್ತಿದ್ದಿತು. ಮತ್ತೆ ತುಂಬುವುದು ಎಂಬ ಅರ್ಥದಿಂದಲೇ ಆ ದಾರಿಗೆ ರೀಪ್ಯಾಕ್ ಎಂಬ ಹೆಸರು ಬಂದಿತು. ಅವರಲ್ಲೊಬ್ಬನಾದ ಜೋ ಬ್ರೀಜ್ ಎಂಬುವನು ೧೯೭೭ರಲ್ಲಿ ಬೆಟ್ಟಕ್ಕೆಂದೇ ಹೊಸ ಫ್ರೇಮನ್ನು ಕಟ್ಟಿದನು. ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ ಎಂಬಿಬ್ಬರು ೧೯೭೯ರಲ್ಲಿ ಮಾರಾಟಕ್ಕೆ ಅಂಗಡಿಯನ್ನು ಹೂಡಿದರು. ಈ ಮೂಲಕಥೆಯಲ್ಲಿ ವಾಚಕರು ಒಂದಂಶವನ್ನು ನೆನಪಿನಲ್ಲಿಡಬೇಕು. ಆ ಮೊದಲಿಗರನ್ನು ಕಾಡಿದುದು ಕಲ್ಲಿನ ಕುಲುಕಾಟಕ್ಕಿಂತ ಹೆಚ್ಚಾಗಿ ಬ್ರೇಕಿನ ದೌರ್ಬಲ್ಯ.

ಮುಂದೆ ಸಸ್ಪೆನ್ಷನ್ ಬಂದಿತು. ಗಾಲಿಯು ಕಲ್ಲಿಗೆ ತಾಗಿದೊಡನೆ ಒಳಕ್ಕೆ ಸರಿದು, ಪೆಟ್ಟನ್ನು ತಾನು ನುಂಗಿ, ಮತ್ತೆ ಹೊರಕ್ಕೆ ಚಾಚಿಕೊಳ್ಳುವ ಅಂಗವಿದು. ಎಷ್ಟು ದೂರ ಒಳಸರಿಯಬಲ್ಲುದೆಂಬುದನ್ನು ಮಿಲ್ಲಿಮೀಟರುಗಳಲ್ಲಿ ಹೇಳುವರು. ಮೂರು ಪಂಗಡಗಳ ಭೇದವು ಬಹುಮಟ್ಟಿಗೆ ಈ ಅಳತೆಯಿಂದಲೂ, ಮುಂಗಾಲಾದ ಫೋರ್ಕಿನ ಓರೆಯಿಂದಲೂ, ತೂಕದಿಂದಲೂ ಆದುದು.

ಕ್ರಾಸ್‌ಕಂಟ್ರಿಯು ಏರುವವನ ವಾಹನ. ಸಾಮಾನ್ಯವಾಗಿ ಇದರ ಒಳಸರಿತ ೧೦೦ರಿಂದ ೧೨೦ ಮಿಲ್ಲಿಮೀಟರು. ತೂಕ ೧೦ರಿಂದ ೧೨ ಕಿಲೋಗ್ರಾಮು. ಟೈರು ಹಗುರ, ಸವಾರನು ಮುಂದಕ್ಕೆ ಬಾಗಿ ಕುಳಿತುಕೊಳ್ಳುವನು, ತುಳಿದ ಬಲವು ವ್ಯರ್ಥವಾಗದೆ ಗಾಲಿಗೆ ಮುಟ್ಟುವುದು. ೧೯೯೬ರ ಅಟ್ಲಾಂಟಾ ಒಲಿಂಪಿಕ್ಸಿನಿಂದ ಈಚೆಗೆ ಆ ಕ್ರೀಡಾಕೂಟದಲ್ಲಿ ಸ್ಥಾನ ಪಡೆದಿರುವುದು ಈ ಬಗೆಯ ಪಂದ್ಯವೇ. ಎಂಡ್ಯೂರೊ ಇದಕ್ಕೆ ಪ್ರತಿಕೋಟಿ. ಅದರ ಪಂದ್ಯದಲ್ಲಿ ಇಳಿಯುವ ಭಾಗಗಳಿಗೆ ಮಾತ್ರ ಗಡಿಯಾರದ ಲೆಕ್ಕ. ಏರುವ ಭಾಗಗಳನ್ನು ಗೊತ್ತಾದ ಅವಧಿಯೊಳಗೆ ಮುಗಿಸಿದರಾಯಿತು. ೨೦೧೩ರಲ್ಲಿ ಇದರ ಜಾಗತಿಕ ಪಂದ್ಯಸರಣಿ ಮೊದಲಾಯಿತು. ಒಳಸರಿತ ೧೫೦ರಿಂದ ೧೮೦ ಮಿಲ್ಲಿಮೀಟರು, ತೂಕ ೧೫ ಕಿಲೋಗ್ರಾಮಿನಿಂದ ಮೇಲೆ, ಟೈರಿನ ಗೋಡೆ ದಪ್ಪ, ಬ್ರೇಕು ಬಲಿಷ್ಠ. ಟ್ರೈಲ್ ಇವೆರಡರ ನಡುವಿನದು: ೧೨೦ರಿಂದ ೧೫೦ ಮಿಲ್ಲಿಮೀಟರು, ೧೩ರಿಂದ ೧೫ ಕಿಲೋಗ್ರಾಮು. ಏರುವಾಗ ಸ್ವಲ್ಪ ಹಿಂದು, ಇಳಿಯುವಾಗ ಸ್ವಲ್ಪ ಹಿಂದು. ಆದರೆ ಎರಡರಲ್ಲಿಯೂ ಕೈಬಿಡದು.

ಫೋರ್ಕಿನ ಓರೆಯ ಮಾತನ್ನು ಕೊಂಚ ಬಿಡಿಸಿ ಹೇಳಬೇಕು. ಕಡಿದಾದ ದಾರಿಯನ್ನು ಇಳಿಯುವ ಎತ್ತು ಮುಂಗಾಲುಗಳನ್ನು ಮುಂದಕ್ಕೆ ಊರಿ ಮೈಯನ್ನು ಹಿಂದಿಡುವುದನ್ನು ಹಳ್ಳಿಯವರೆಲ್ಲರೂ ಕಂಡಿರುವರು. ಎಂಡ್ಯೂರೊ ನಿಲ್ಲುವುದೂ ಹಾಗೆಯೇ. ಅದರ ಫೋರ್ಕು ನೆಲಕ್ಕೆ ೬೩ ಅಥವಾ ೬೪ ಡಿಗ್ರಿಗಳಷ್ಟು ಓರೆಯಾಗಿರುವುದರಿಂದ ಮುಂದಿನ ಗಾಲಿ ಸವಾರನಿಗಿಂತ ಬಹಳ ಮುಂದಿರುವುದು. ಇಳಿತದಲ್ಲಿ ಅವನು ಮುಗ್ಗರಿಸುವ ಭಯ ಕಡಮೆ. ಆದರೆ ಅದೇ ಗಾಲಿಯು ನಿಧಾನವಾದ ಏರಿನಲ್ಲಿ ಅತ್ತಿತ್ತ ಅಲೆಯುವುದು. ಕ್ರಾಸ್‌ಕಂಟ್ರಿಯ ಫೋರ್ಕು ೬೭, ೬೮ ಡಿಗ್ರಿಗಳ ಆಸುಪಾಸಿನಲ್ಲಿ ನೆಟ್ಟಗಿರುವುದರಿಂದ ಏರಿನಲ್ಲಿಯೂ ತಿರುವಿನಲ್ಲಿಯೂ ಹೇಳಿದಂತೆ ಕೇಳುವುದು. ಕಡಿದಾದ ಇಳಿತದಲ್ಲಿ ಸವಾರನಿಂದ ಹೆಚ್ಚಿನ ಚಾತುರ್ಯವನ್ನು ಬೇಡುವುದು. ಒಂದರ ಗುಣವೇ ಇನ್ನೊಂದೆಡೆ ದೋಷವಾಗುವುದೆಂಬುದು ಇದರ ತಾತ್ಪರ್ಯ.

ಇಷ್ಟನ್ನು ತಿಳಿದ ಬಳಿಕ ನಾವು ಹುಡುಗನಿಗೆ, “ನಿನ್ನ ಸ್ನೇಹಿತರಲ್ಲಿರುವ ಮೂರು ಬಗೆಯನ್ನೂ ಒಂದು ದಿನದ ಮಟ್ಟಿಗೆ ತರಿಸು, ನೋಡೋಣ” ಎಂದೆವು. ನಮ್ಮ ಹಳೆಯ ಶಿಷ್ಯರೊಬ್ಬರು ತಮ್ಮ ತೋಟದ ದಾರಿಯನ್ನು ಬಿಟ್ಟುಕೊಟ್ಟರು. ಎಂಡ್ಯೂರೊವಿನ ಮೇಲೆ ಅವನು ಇಳಿದು ಬಂದಾಗ ಮುಖದಲ್ಲಿ ದೀಪ ಹಚ್ಚಿದಂತಿದ್ದಿತು. ಆದರೆ ಮತ್ತೆ ಮೇಲಕ್ಕೆ ಹೋಗೆಂದಾಗ ಅರ್ಧ ದಾರಿಯಲ್ಲಿ ಇಳಿದು ತಳ್ಳತೊಡಗಿದನು. ಕ್ರಾಸ್‌ಕಂಟ್ರಿಯನ್ನು ತುದಿಯವರೆಗೂ ತುಳಿದನು. ಇಳಿಯುವಾಗ ಮೈಯೆಲ್ಲ ಬಿಗಿಯಾಗಿದ್ದಿತು. ಟ್ರೈಲನ್ನು ಮಾತ್ರ ಕೇಳದೆಯೇ ಮೂರು ಸಲ ಏರಿಸಿ ಇಳಿಸಿದನು.

ಆ ಸಂಜೆ ಇನ್ನೊಂದು ವಿಚಾರ ಹೊರಬಿದ್ದಿತು. ಅವನು ಬಿದ್ದ ಹಳೆಯ ಬೈಸಿಕಲ್ಲು ಇನ್ನೂ ಕೊಟ್ಟಿಗೆಯಲ್ಲಿ ಬಿದ್ದಿದ್ದಿತು. ಅದನ್ನು ಊರಿನ ಸೈಕಲ್ ಷಾಪಿನ ಸಾಹೇಬರ ಬಳಿಗೆ ತೆಗೆದುಕೊಂಡು ಹೋದೆವು. ಅವರು ಫೋರ್ಕನ್ನು ನೋಡಲಿಲ್ಲ, ನೇರವಾಗಿ ಬ್ರೇಕಿನ ರಬ್ಬರನ್ನು ಉಗುರಿನಿಂದ ಕೆರೆದು, “ಮೇಷ್ಟ್ರೇ, ಇದರಲ್ಲಿ ರಬ್ಬರೇ ಉಳಿದಿಲ್ಲ. ಒದ್ದೆ ರಿಮ್ಮಿನ ಮೇಲೆ ಕಬ್ಬಿಣ ಜಾರದೆ ಇನ್ನೇನಾದೀತು?” ಎಂದರು. ಹುಡುಗನು ತಲೆ ತಗ್ಗಿಸಿದನು. ಎರಡು ವರ್ಷಗಳಿಂದ ಅವನು ತನ್ನ ಪತನಕ್ಕೆ ಸಸ್ಪೆನ್ಷನ್ನಿನ ಕೊರತೆಯೇ ಕಾರಣವೆಂದು ನಂಬಿ, ಆ ನಂಬಿಕೆಯ ಮೇಲೆ ಹಲವು ತಿಂಗಳ ಸಂಬಳವನ್ನು ಸುರಿಯಲು ಸಿದ್ಧನಾಗಿದ್ದನು. ತಾಯಿತಂದೆಗಳಾದರೋ ಬೈಸಿಕಲ್ಲೇ ಶತ್ರುವೆಂದು ನಂಬಿದ್ದರು. ದೋಷವಿದ್ದುದು ಬೆರಳಿನಗಲದ ರಬ್ಬರಿನಲ್ಲಿ. ರೋಗವನ್ನು ಅರಿಯದೆ ಔಷಧವನ್ನು ಕೊಂಡರೆ, ಔಷಧವು ಎಷ್ಟು ಬೆಲೆಯದಾದರೇನು?

ನಮ್ಮ ಶಾಸ್ತ್ರಪಾಠದಲ್ಲಿ ಅಧಿಕಾರಿಭೇದವೆಂಬ ಮಾತೊಂದುಂಟು. ಕಲಿಯುವವನ ಯೋಗ್ಯತೆಯನ್ನೂ ಪ್ರಯೋಜನವನ್ನೂ ನೋಡಿಯೇ ಪಾಠವನ್ನು ಗೊತ್ತುಮಾಡತಕ್ಕದ್ದೆಂದು ಅದರ ಅರ್ಥ. ಬೈಸಿಕಲ್ಲಿಗೂ ಇದೇ ನ್ಯಾಯ. ಕೊಳ್ಳುವವನು ತನ್ನ ಕನಸಿನ ಬೆಟ್ಟವನ್ನು ಬಿಟ್ಟು, ಕಳೆದ ಮೂರು ತಿಂಗಳಲ್ಲಿ ನಿಜವಾಗಿ ತುಳಿದ ದಾರಿಯನ್ನು ಕಾಗದದ ಮೇಲೆ ಬರೆಯಲಿ. ಕೆರೆಯ ಏರಿ, ಹಳ್ಳಿಯ ಮಣ್ಣುದಾರಿ, ದೂರದ ಸವಾರಿ, ಏರುವುದರಲ್ಲಿಯೇ ಸಂತೋಷ ಎನ್ನುವವನಿಗೆ ಕ್ರಾಸ್‌ಕಂಟ್ರಿ ಸಾಕು. ಕಲ್ಲು ಬೇರುಗಳ ದಾರಿಯಲ್ಲಿ ತಾನೇ ಏರಿ ತಾನೇ ಇಳಿಯುವವನಿಗೆ ಟ್ರೈಲ್ ತಕ್ಕದ್ದು. ಕಡಿದಾದ ಇಳಿತವೇ ಮುಖ್ಯವಾಗಿ, ವಾರವಾರವೂ ಅಂಥ ನೆಲವು ದೊರೆಯುವವನಿಗೆ, ಇಳಿಯುವುದನ್ನು ಕ್ರಮವಾಗಿ ಕಲಿತವನಿಗೆ, ಎಂಡ್ಯೂರೊ ಸಾರ್ಥಕವಾಗುವುದು.

ಯಾವುದನ್ನು ಕೊಂಡರೂ ಬ್ರೇಕನ್ನು ಮೊದಲು ನೋಡಬೇಕು. ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕು ಮಳೆಯಲ್ಲಿಯೂ ಕೆಸರಿನಲ್ಲಿಯೂ ರಿಮ್ಮಿನ ಬ್ರೇಕಿಗಿಂತ ನಂಬಿಕೆಗೆ ಅರ್ಹ. ಎರಡೂ ಗಾಲಿಗಳಿಗೆ ಸಸ್ಪೆನ್ಷನ್ ಉಂಟೆಂದು ಅಗ್ಗದ ಬೆಲೆಗೆ ತೋರಿಸಿದರೆ ಮರುಳಾಗಬಾರದು. ಅಂಥದು ತೂಕವೂ ಹೆಚ್ಚು, ಕೀಲುಗಳೂ ಬೇಗ ಸಡಿಲವಾಗುವುವು. ಅದೇ ಹಣಕ್ಕೆ ಮುಂದಿನ ಗಾಲಿಗೆ ಮಾತ್ರ ಸಸ್ಪೆನ್ಷನ್ ಉಳ್ಳ, ಉತ್ತಮ ಬ್ರೇಕಿನ ಬೈಸಿಕಲ್ಲು ದೊರೆಯುವುದು. ಫ್ರೇಮಿನ ಅಳತೆಯು ಸವಾರನ ಮೈಯಳತೆಗೆ ಹೊಂದಬೇಕು. ಇಳಿತದಲ್ಲಿ ಬೆರಳಿನ ಒಂದು ಒತ್ತಿನಿಂದ ಸೀಟನ್ನು ತಗ್ಗಿಸುವ ಏರ್ಪಾಡಿದ್ದರೆ ಬಹು ಉಪಯುಕ್ತ. ಹೆಲ್ಮೆಟ್ಟಿಗೂ ಕೈಗವಸಿಗೂ ಮೊಣಕಾಲಿನ ಕವಚಕ್ಕೂ ಬೇಕಾದ ಹಣವನ್ನು ಮೊದಲೇ ತೆಗೆದಿಟ್ಟು, ಉಳಿದುದರಲ್ಲಿ ಬೈಸಿಕಲ್ಲನ್ನು ಆರಿಸಬೇಕು. ಅರಣ್ಯದ ದಾರಿಯನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ತೋಟದ ದಾರಿಯನ್ನು ಒಡೆಯನ ಒಪ್ಪಿಗೆಯಿಲ್ಲದೆ ತುಳಿಯಕೂಡದು.

ನಮ್ಮ ಹುಡುಗನು ಕೊನೆಗೆ ಮುಂದಿನ ಸಸ್ಪೆನ್ಷನ್ ಮಾತ್ರವುಳ್ಳ ಒಂದು ಟ್ರೈಲ್ ಬೈಸಿಕಲ್ಲನ್ನು, ತಾನು ಎಣಿಸಿದ್ದ ಹಣದ ಅರ್ಧಕ್ಕಿಂತ ಕಡಮೆಗೆ ಕೊಂಡನು. ಅದನ್ನು ಊರಿಗೆ ತಂದ ದಿನ ಅವನ ತಂದೆ ಹೊರಗೆ ಬರಲಿಲ್ಲ. ತಾಯಿ ಬಾಗಿಲವರೆಗೆ ಬಂದು ನಿಂತಳು. ಬಣ್ಣವನ್ನು ಕೇಳಲಿಲ್ಲ, ಬೆಲೆಯನ್ನು ಕೇಳಲಿಲ್ಲ. “ಬ್ರೇಕು ಸರಿಯಾಗಿ ಹಿಡಿಯುತ್ತದೇನೊ?” ಎಂದಳು. ಅವನು ಅಂಗಳದಲ್ಲಿ ಒಂದು ಸುತ್ತು ಬಂದು, ಆಕೆಯ ಕಾಲಿನಿಂದ ಒಂದು ಮೊಳ ದೂರದಲ್ಲಿ ಸದ್ದಿಲ್ಲದೆ ನಿಲ್ಲಿಸಿ ತೋರಿಸಿದನು. ಆಕೆ ಒಳಗೆ ಹೋಗಿ ಕಾಫಿ ಮಾಡಿದಳು. ಆ ಮನೆಯ ಮಟ್ಟಿಗೆ ವ್ಯಾಜ್ಯವು ಅಲ್ಲಿಗೆ ತೀರಿತೆಂದು ನಾವು ತಿಳಿದೆವು.