ಕೋಟಿ ಸುರಿದರೆ ಕಪ್ ಬರುತ್ತದಾ?

ಜುಲೈ, ಆಗಸ್ಟ್ ಬಂತೆಂದರೆ ಯುರೋಪಿನ ಫುಟ್‌ಬಾಲ್‌ನಲ್ಲಿ ಚೆಂಡಿಗಿಂತ ಜೋರಾಗಿ ಓಡುವುದು ದುಡ್ಡು. ಯಾವ ಕ್ಲಬ್ ಯಾರನ್ನು ಎಷ್ಟಕ್ಕೆ ಕೊಂಡಿತು ಎಂದು ಮೊಬೈಲ್ ರಿಫ್ರೆಶ್ ಮಾಡುತ್ತಾ ಕೂರುವವರು ನಮ್ಮ ಹಾಸ್ಟೆಲ್‌ಗಳಲ್ಲೂ ಕಡಿಮೆಯಿಲ್ಲ. ನೆಚ್ಚಿನ ತಂಡ ದೊಡ್ಡ ಮೊತ್ತ ಕೊಟ್ಟು ಸ್ಟಾರ್ ಒಬ್ಬನನ್ನು ತಂದರೆ, ಲೀಗ್ ಶುರುವಾಗುವ ಮೊದಲೇ ಕಪ್ ಗೆದ್ದಷ್ಟು ಸಂಭ್ರಮ. ತರದಿದ್ದರೆ ‘ಮಾಲೀಕ ಜಿಪುಣ’ ಎಂಬ ಬೈಗುಳ. ಆದರೆ ಹೀಗೆ ಸುರಿದ ಹಣ ನಿಜಕ್ಕೂ ಗೆಲುವು ತಂದುಕೊಡುತ್ತದಾ?

ಐಪಿಎಲ್ ನೋಡಿ ಬೆಳೆದ ನಾವು ಒಂದು ವ್ಯತ್ಯಾಸವನ್ನು ಮೊದಲೇ ಗಮನಿಸಬೇಕು. ಐಪಿಎಲ್‌ನಲ್ಲಿ ಎಲ್ಲ ತಂಡಗಳ ಪರ್ಸ್‌ಗೂ ಒಂದೇ ಮಿತಿ. ಯುರೋಪಿನ ಫುಟ್‌ಬಾಲ್‌ನಲ್ಲಿ ಹರಾಜೇ ಇಲ್ಲ. ಒಪ್ಪಂದದಲ್ಲಿರುವ ಆಟಗಾರ ಬೇಕಿದ್ದರೆ ಅವನ ಕ್ಲಬ್‌ಗೆ ವರ್ಗಾವಣೆ ಶುಲ್ಕ ಕೊಡಬೇಕು; ಆಟಗಾರನ ಸಂಬಳ ಬೇರೆ. ಆದಾಯ-ಖರ್ಚಿನ ಕೆಲವು ನಿಯಮಗಳಿದ್ದರೂ ಸಿರಿವಂತ ಕ್ಲಬ್‌ನ ಜೇಬು ಬಡ ಕ್ಲಬ್‌ನ ಜೇಬಿಗಿಂತ ಎಷ್ಟೋ ಪಟ್ಟು ದೊಡ್ಡದು. ಹಾಗಾಗಿ ಹಣಕ್ಕೂ ಗೆಲುವಿಗೂ ಇರುವ ನಂಟನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಸಿಗದು.

ಕೊಂಡವರು ಸೋತರು, ಮಾರಿದವರು ಗೆದ್ದರು

2017ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ 22.2 ಕೋಟಿ ಯೂರೊ ಕೊಟ್ಟು ಬಾರ್ಸಿಲೋನಾದಿಂದ ನೇಮಾರ್ ಅವರನ್ನು ಕರೆದೊಯ್ದಿತು. ಆಗಿನ ವಿನಿಮಯ ದರದಲ್ಲಿ ಅದು 1,600 ಕೋಟಿ ರೂಪಾಯಿಗೂ ಹೆಚ್ಚು. ಬಾರ್ಸಿಲೋನಾದ ಕೈಯಲ್ಲಿ ಈಗ ರಾಶಿ ದುಡ್ಡು, ತಂಡದಲ್ಲಿ ದೊಡ್ಡ ಖಾಲಿ ಜಾಗ. ಈ ಎರಡೂ ಸಂಗತಿ ಜಗತ್ತಿಗೆಲ್ಲ ಗೊತ್ತು. ಅವಸರದಲ್ಲಿರುವ ಗಿರಾಕಿಯ ಮುಂದೆ ವ್ಯಾಪಾರಿ ದರ ಇಳಿಸುತ್ತಾನೆಯೇ? ಉಸ್ಮಾನ್ ಡೆಂಬೆಲೆಗೆ 10.5 ಕೋಟಿ ಯೂರೊ, 2018ರ ಜನವರಿಯಲ್ಲಿ ಲಿವರ್‌ಪೂಲ್‌ನ ಫಿಲಿಪ್ ಕುಟಿನ್ಯೊಗೆ 12 ಕೋಟಿ ಯೂರೊ. ಇಬ್ಬರಿಗೂ ಮುಂದೆ ಸೇರಬಹುದಾದ ಬೋನಸ್ ಬೇರೆ. 2019ರಲ್ಲಿ ಆಂಟೊನ್ ಗ್ರೀಜ್‌ಮನ್‌ಗೆ ಮತ್ತೆ 12 ಕೋಟಿ.

ಅತ್ತ ಲಿವರ್‌ಪೂಲ್ ಏನು ಮಾಡಿತು? ಅದೇ ಜನವರಿಯಲ್ಲಿ 7.5 ಕೋಟಿ ಪೌಂಡ್‌ಗೆ ಡಿಫೆಂಡರ್ ವರ್ಜಿಲ್ ವಾನ್ ಡೈಕ್ ಅವರನ್ನು ತಂದಿತು. 2018ರ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಅನ್ನು ಗೋಲ್‌ಕೀಪರ್ ಎಡವಟ್ಟುಗಳಿಂದ ಕಳೆದುಕೊಂಡ ಮೇಲೆ, ಸುಮಾರು 6.5 ಕೋಟಿ ಪೌಂಡ್‌ಗೆ ಅಲಿಸನ್ ಬೆಕರ್ ಬಂದರು. ಇವೂ ಸಣ್ಣ ಮೊತ್ತವಲ್ಲ. ಆದರೆ ತಂಡದಲ್ಲಿ ಎಲ್ಲಿ ತೂತಿದೆ ಎಂದು ಮೊದಲು ನೋಡಿ, ಅಳತೆಗೆ ತಕ್ಕ ತೇಪೆಯನ್ನೇ ಕೊಂಡರು.

2019ರ ಮೇನಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇವೇ ಎರಡು ತಂಡಗಳು ಎದುರಾದವು. ಮೊದಲ ಪಂದ್ಯದಲ್ಲಿ ಬಾರ್ಸಿಲೋನಾಗೆ 3-0 ಜಯ. ಆ್ಯನ್‌ಫೀಲ್ಡ್‌ನ ಎರಡನೇ ಪಂದ್ಯಕ್ಕೆ ಲಿವರ್‌ಪೂಲ್‌ನ ಸಲಾ, ಫಿರ್ಮಿನೊ ಇಬ್ಬರೂ ಗಾಯಾಳು. ಆದರೂ ಫಲಿತಾಂಶ 4-0! ಕುಟಿನ್ಯೊ ತಮ್ಮ ಹಳೆಯ ಮೈದಾನದಲ್ಲಿ ಸುಮಾರು ಒಂದು ಗಂಟೆ ಆಡಿ, ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರನಡೆದರು. ಆ ವರ್ಷ ಕಪ್ ಲಿವರ್‌ಪೂಲ್‌ಗೆ; ಮರುವರ್ಷ ಪ್ರೀಮಿಯರ್ ಲೀಗ್ ಕೂಡ ಅದಕ್ಕೇ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಬಾರ್ಸಿಲೋನಾ ಕುಟಿನ್ಯೊ ಅವರನ್ನು ಜರ್ಮನಿಯ ಬೇಯರ್ನ್ ಮ್ಯೂನಿಕ್‌ಗೆ ಎರವಲು ಕೊಟ್ಟಿತು. 2020ರ ಆಗಸ್ಟ್‌ನಲ್ಲಿ ಬೇಯರ್ನ್ ತಂಡ ಬಾರ್ಸಿಲೋನಾವನ್ನು 8-2ರಿಂದ ಬಗ್ಗುಬಡಿದಾಗ, ಬದಲಿಯಾಗಿ ಇಳಿದು ಕೊನೆಯ ಎರಡು ಗೋಲು ಹೊಡೆದವರು ಇದೇ ಕುಟಿನ್ಯೊ. ಬಾರ್ಸಿಲೋನಾ ಈ ಅವಧಿಯಲ್ಲಿ ಸ್ಪೇನಿನ ಲೀಗ್ ಅನ್ನು ಎರಡು ಬಾರಿ ಗೆದ್ದಿತ್ತು ನಿಜ. ಆದರೆ ದೊಡ್ಡ ಶುಲ್ಕ, ಅದಕ್ಕಿಂತ ದೊಡ್ಡ ಸಂಬಳದ ಹೊರೆ, ಜೊತೆಗೆ ಕೋವಿಡ್ ಹೊಡೆತ ಸೇರಿ ಕ್ಲಬ್ ನೆಲಕಚ್ಚಿತು. 2021ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೋನ್ ಲಪೋರ್ಟಾ ಪ್ರಕಟಿಸಿದ ಸಾಲ 135 ಕೋಟಿ ಯೂರೊ. ಅದೇ ತಿಂಗಳು, ಬಾಲ್ಯದಿಂದ ಅಲ್ಲೇ ಬೆಳೆದ ಲಯೊನೆಲ್ ಮೆಸ್ಸಿ ಕಣ್ಣೀರಿಡುತ್ತಾ ಕ್ಲಬ್ ತೊರೆಯಬೇಕಾಯಿತು. ಮೂವರು ಸ್ಟಾರ್‌ಗಳನ್ನು ಕೊಳ್ಳಲು ಹೋಗಿ, ಮನೆಯಲ್ಲೇ ಬೆಳೆದವನನ್ನು ಉಳಿಸಿಕೊಳ್ಳಲಾಗಲಿಲ್ಲ.

ಕಂತಿನ ಲೆಕ್ಕ

ಇಂಗ್ಲೆಂಡಿನ ಚೆಲ್ಸಿಯದು ಇನ್ನೊಂದು ಪಾಠ. 2022ರಲ್ಲಿ ಟಾಡ್ ಬೋಲಿ ನೇತೃತ್ವದ ಗುಂಪು ಕ್ಲಬ್ ಕೊಂಡ ಮೊದಲ ಋತುವಿನಲ್ಲೇ ಆಟಗಾರರಿಗಾಗಿ 50 ಕೋಟಿ ಪೌಂಡ್‌ಗೂ ಹೆಚ್ಚು ಚೆಲ್ಲಿತು. ಎಂಜೊ ಫರ್ನಾಂಡಿಸ್ ಒಬ್ಬರಿಗೇ 10.68 ಕೋಟಿ ಪೌಂಡ್. ಸೆಪ್ಟೆಂಬರ್‌ನಲ್ಲಿ ಕೋಚ್ ಥಾಮಸ್ ಟುಕೆಲ್ ಮನೆಗೆ, ಏಪ್ರಿಲ್‌ನಲ್ಲಿ ಗ್ರಹಾಂ ಪಾಟರ್ ಮನೆಗೆ. ಋತು ಮುಗಿದಾಗ ಚೆಲ್ಸಿ 20 ತಂಡಗಳಲ್ಲಿ 12ನೆಯದು. ಗಳಿಸಿದ ಅಂಕ 44.

ಇಷ್ಟು ಹಣವನ್ನು ಲೆಕ್ಕಪತ್ರದಲ್ಲಿ ಹೇಗೆ ತೋರಿಸಿದರು? ಇಲ್ಲಿದೆ ಕುತೂಹಲದ ಸಂಗತಿ. ನಮ್ಮ ಕಾಲೇಜಿನ ಲ್ಯಾಬ್ ಯಂತ್ರದ ಬೆಲೆಯನ್ನು ವರ್ಷಗಳಿಗೆ ಹಂಚಿ ಸವಕಳಿ ಬರೆಯುವ ಹಾಗೆ, ಆಟಗಾರನ ಶುಲ್ಕವನ್ನೂ ಒಪ್ಪಂದದ ವರ್ಷಗಳಿಗೆ ಹಂಚುತ್ತಾರೆ. ಎಂಜೊ ಒಪ್ಪಂದ ಎಂಟೂವರೆ ವರ್ಷದ್ದು. ಭಾಗಿಸಿ ನೋಡಿ, ವರ್ಷಕ್ಕೆ ಸುಮಾರು 1.26 ಕೋಟಿ ಪೌಂಡ್. ಐದು ವರ್ಷಕ್ಕಾದರೆ 2.14 ಕೋಟಿ. ಕಂತು ಉದ್ದವಾದಷ್ಟೂ ಈ ವರ್ಷದ ನಷ್ಟ ಚಿಕ್ಕದಾಗಿ ಕಾಣುತ್ತದೆ. ಬೈಕ್ ಸಾಲದ ಇಎಂಐ ಕಡಿಮೆ ಎಂದು ಖುಷಿಪಟ್ಟ ಹಾಗೆ! ಈ ಜಾಣತನ ಕಂಡ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ, 2023ರಲ್ಲಿ ಹೀಗೆ ಹಂಚುವುದಕ್ಕೆ ಐದು ವರ್ಷದ ಮಿತಿ ಹಾಕಿತು.

ಚೆಲ್ಸಿ ಪೂರ್ತಿ ಸೋತಿತು ಎನ್ನಲೂ ಆಗದು. 2025ರಲ್ಲಿ ಕಾನ್ಫರೆನ್ಸ್ ಲೀಗ್ ಮತ್ತು ಕ್ಲಬ್ ವಿಶ್ವಕಪ್ ಎರಡನ್ನೂ ಗೆದ್ದಿತು. ಆದರೆ ಆ ತಂಡದ ಮುಖ್ಯ ಬಲ ಕೋಲ್ ಪಾಮರ್ 2023ರಲ್ಲಿ ಬಂದದ್ದು ಸುಮಾರು 4 ಕೋಟಿ ಪೌಂಡ್‌ಗೆ; ಎಂಜೊಗೆ ಕೊಟ್ಟಿದ್ದರ ಅರ್ಧಕ್ಕಿಂತ ಕಡಿಮೆ.

ಹಾಗಾದರೆ ಹಣ ಬೇಡವೇ?

ಹಣವಿಲ್ಲದೆಯೂ ಗೆಲ್ಲಬಹುದು ಎನ್ನುವವರು ಲೆಸ್ಟರ್ ಸಿಟಿಯನ್ನು ತೋರಿಸುತ್ತಾರೆ. 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಈ ತಂಡದ ಜೇಮಿ ವಾರ್ಡಿ ಬಂದದ್ದು 10 ಲಕ್ಷ ಪೌಂಡ್‌ಗೆ, ಅದೂ ಲೀಗ್ ಏಣಿಯ ಕೆಳಗಿನ ಮೆಟ್ಟಿಲಲ್ಲಿದ್ದ ಫ್ಲೀಟ್‌ವುಡ್ ಟೌನ್‌ನಿಂದ. ಎನ್‌ಗೊಲೊ ಕಾಂಟೆಗೆ ಕೊಟ್ಟದ್ದು 56 ಲಕ್ಷ ಪೌಂಡ್. ಕೇಳಲು ಚಂದದ ಕಥೆ. ಆದರೆ ಮುಂದಿನ ಪುಟ ಓದಿ: ಗೆದ್ದ ಬೇಸಿಗೆಯಲ್ಲೇ ಕಾಂಟೆಯನ್ನು ಚೆಲ್ಸಿ ಕೊಂಡೊಯ್ದಿತು. ಕೋಚ್ ಕ್ಲಾಡಿಯೊ ರನಿಯೇರಿ ವರ್ಷ ತುಂಬುವ ಮೊದಲೇ ಕೆಲಸ ಕಳೆದುಕೊಂಡರು. 2023ರಲ್ಲಿ ಲೆಸ್ಟರ್ ಕೆಳಗಿನ ದರ್ಜೆಗೆ ಜಾರಿತು. 1992ರಲ್ಲಿ ಶುರುವಾದ ಪ್ರೀಮಿಯರ್ ಲೀಗ್ ಅನ್ನು 2025ರವರೆಗೆ ಗೆದ್ದಿರುವುದು ಏಳೇ ಕ್ಲಬ್‌ಗಳು. ಬಡವನಿಗೆ ಒಮ್ಮೆ ಗೆಲುವು ಒಲಿಯಬಹುದು. ಉಳಿಸಿಕೊಳ್ಳಲು ದುಡ್ಡು ಬೇಕು.

ಯಾವ ದುಡ್ಡು ಎಂಬುದೇ ಪ್ರಶ್ನೆ. ಸೈಮನ್ ಕೂಪರ್ ಮತ್ತು ಅರ್ಥಶಾಸ್ತ್ರಜ್ಞ ಸ್ಟೆಫಾನ್ ಶಿಮಾನ್ಸ್ಕಿ ‘ಸಾಕರ್‌ನಾಮಿಕ್ಸ್’ ಪುಸ್ತಕದಲ್ಲಿ 1978ರಿಂದ 1997ರವರೆಗಿನ 40 ಇಂಗ್ಲಿಷ್ ಕ್ಲಬ್‌ಗಳ ಲೆಕ್ಕ ಕೊಟ್ಟಿದ್ದಾರೆ. ಲೀಗ್ ಸ್ಥಾನಗಳ ವ್ಯತ್ಯಾಸದಲ್ಲಿ ನಿವ್ವಳ ವರ್ಗಾವಣೆ ಖರ್ಚಿನಿಂದ ವಿವರಿಸಬಹುದಾದದ್ದು ಶೇ 16 ಮಾತ್ರ. ಸಂಬಳದ ಖರ್ಚಿನಿಂದಾದರೆ ಶೇ 92!

ಯೋಚಿಸಿದರೆ ಇದು ಅಚ್ಚರಿಯಲ್ಲ. ಶುಲ್ಕದಲ್ಲಿ ಪ್ರತಿಭೆಯಷ್ಟೇ ಅಲ್ಲ, ಒಪ್ಪಂದದ ಉಳಿದ ಅವಧಿ, ಮಾರುವವನ ಹಟ, ಕೊಳ್ಳುವವನ ಅವಸರ ಎಲ್ಲವೂ ಬೆರೆತಿರುತ್ತವೆ. ಅದು ಹೊಸಬನೊಬ್ಬನ ಬೆಲೆ. ಸಂಬಳವಾದರೋ ಇಡೀ ತಂಡಕ್ಕೆ ಸೇರಿದ್ದು. ಅಕಾಡೆಮಿಯಲ್ಲಿ ಬೆಳೆದವನಿಗೂ ಸಿಗುತ್ತದೆ, ಚೆನ್ನಾಗಿ ಆಡಿದವನಿಗೆ ಹೆಚ್ಚುತ್ತದೆ. ಗೆಲ್ಲುವ ತಂಡಕ್ಕೆ ಆದಾಯ ಹೆಚ್ಚು, ಆದ್ದರಿಂದ ಸಂಬಳವೂ ಹೆಚ್ಚು ಎಂಬ ತಿರುಗು ಲೆಕ್ಕವೂ ಇದರಲ್ಲಿದೆ. ಆದರೂ ಆ 16 ಮತ್ತು 92ರ ನಡುವಿನ ಅಂತರ ತೀರಾ ದೊಡ್ಡದು.

ಪಿಎಸ್‌ಜಿಯನ್ನೇ ನೋಡಿ. ನೇಮಾರ್, ಎಂಬಾಪೆ, ಮೆಸ್ಸಿ ಮೂವರೂ ಒಟ್ಟಿಗಿದ್ದ ಎರಡು ಋತುಗಳಲ್ಲಿ ಚಾಂಪಿಯನ್ಸ್ ಲೀಗ್‌ನ 16ರ ಘಟ್ಟವನ್ನೇ ದಾಟಲಿಲ್ಲ. ಮೂವರೂ ಹೋದ ಮೇಲೆ, 2025ರ ಮೇ 31ರಂದು ಫೈನಲ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ 5-0 ಜಯ. 19 ವರ್ಷದ ದೆಸಿರೆ ದುವೆಗೆ ಎರಡು ಗೋಲು. ಅದು ಅಗ್ಗದ ತಂಡವೇನಲ್ಲ. ಆದರೆ ಚೆಂಡು ಕಳೆದುಕೊಂಡಾಗ ಹನ್ನೊಂದು ಜನರೂ ಹಿಂದಕ್ಕೆ ಓಡುವ ತಂಡ.

ಈ ಲೆಕ್ಕ ಕ್ಯಾಂಪಸ್‌ನಲ್ಲಿರುವ ನಮಗೂ ಹೊಸದಲ್ಲ. ಕಾಲೇಜಿನ ಗೇಟಿನಲ್ಲಿ ‘ಗರಿಷ್ಠ ಪ್ಯಾಕೇಜ್’ ಪಡೆದವನ ದೊಡ್ಡ ಫೋಟೊ ಇರುತ್ತದೆ. ಅದು ವರ್ಗಾವಣೆ ಶುಲ್ಕದ ಸುದ್ದಿಯಿದ್ದ ಹಾಗೆ. ಸುಳ್ಳಲ್ಲ, ಆದರೆ ಒಬ್ಬನ ಕಥೆ. ಕಾಲೇಜಾಗಲಿ ಕಂಪನಿಯಾಗಲಿ ಹೇಗಿದೆ ಎಂದು ತಿಳಿಯಲು ಸಾಲಿನ ಮಧ್ಯದಲ್ಲಿ ನಿಂತವನಿಗೆ ಎಷ್ಟು ಸಿಕ್ಕಿತು, ಎರಡು ವರ್ಷದ ನಂತರವೂ ಅವನು ಅಲ್ಲೇ ಉಳಿದನಾ ಎಂದು ಕೇಳಬೇಕು. ಮುಂದಿನ ಆಗಸ್ಟ್‌ನಲ್ಲಿ ನಿಮ್ಮ ಕ್ಲಬ್ ಹತ್ತು ಕೋಟಿ ಪೌಂಡ್‌ಗೆ ಯಾರನ್ನೋ ತಂದಾಗ ಕುಣಿಯಿರಿ, ತಪ್ಪೇನಿಲ್ಲ. ಜೊತೆಗೆ ಇದನ್ನೂ ಕೇಳಿ: ಇವನು ಯಾವ ತೂತು ಮುಚ್ಚಲು ಬಂದ? ಇವನಿಗಾಗಿ ಯಾರನ್ನು ಕಳಿಸಬೇಕಾಗುತ್ತದೆ?