ಎರಡು ನದಿಗಳ ನಡುವೆ ಒಂದು ದಿನ

ಮಂಗಳೂರು ಗುಡ್ಡಗಳ ಮೇಲೆ ಹರಡಿಕೊಂಡಿರುವ ಕಡಲೂರು. ಉತ್ತರದಿಂದ ಫಲ್ಗುಣಿ, ಅಂದರೆ ಗುರುಪುರ ನದಿ, ದಕ್ಷಿಣದಿಂದ ನೇತ್ರಾವತಿ ಈ ಊರನ್ನು ಬಳಸಿ ಬಂದು ಅಳಿವೆಯಲ್ಲಿ ಕಡಲು ಸೇರುತ್ತವೆ. ಪ್ರವಾಸಕ್ಕೆ ಬಂದವರು ಸಾಮಾನ್ಯವಾಗಿ ಕಡಲತೀರ ನೋಡಿ ಮರಳುತ್ತಾರೆ. ನಿಮಗೆ ಇನ್ನೊಂದು ದಿನ ಬಿಡುವಿದ್ದರೆ ಒಂದು ನದಿಯ ಕಡೆಯಿಂದ ಒಳನಾಡಿಗೆ ಹೋಗಿ, ಇನ್ನೊಂದರ ಕಡೆಯಿಂದ ಹಿಂದಿರುಗಿ. ಹೋಗುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ: ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ, ಅಂದರೆ ಬೆಂಗಳೂರಿನ ಮೂರು ಪಟ್ಟಿಗೂ ಹೆಚ್ಚು ಮಳೆ ಸುರಿಯುವ ಈ ನಾಡಿನಲ್ಲಿ ಹಳೆಯದು ಹೇಗೆ ಉಳಿಯಿತು?

ಗುರುಪುರದ ಸೇತುವೆ ದಾಟಿ ಸಾಗಿದರೆ, ಮಂಗಳೂರಿನಿಂದ ಸುಮಾರು 35 ಕಿ.ಮೀ. ದೂರದಲ್ಲಿ ಮೂಡುಬಿದಿರೆ. ದಾರಿಯ ಬದಿಯ ಕೆಂಪು ಗೋಡೆಗಳನ್ನು ಗಮನಿಸಿ. ಅದು ಮುರಕಲ್ಲು. ಮಳೆನೀರು ಬಂಡೆಯೊಳಗಿನ ಕರಗುವ ಅಂಶಗಳನ್ನೆಲ್ಲ ಲಕ್ಷಾಂತರ ವರ್ಷ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳನ್ನು ಉಳಿಸಿದಾಗ ಹುಟ್ಟಿದ ಕಲ್ಲು. ನೆಲದಿಂದ ಕಡಿಯುವಾಗ ಮೆದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಗೋಡೆಗೆ ಒಳ್ಳೆಯದು, ಆದರೆ ಮೈತುಂಬ ತೂತಾದ್ದರಿಂದ ಸೂಕ್ಷ್ಮ ಕೆತ್ತನೆಗೆ ಒದಗದು.

ಆದ್ದರಿಂದಲೇ 1430ರ ಸಾವಿರ ಕಂಬದ ಬಸದಿಯ ಕಂಬಗಳು ಗಟ್ಟಿ ಶಿಲೆಯವು. ಈಗ ತಲೆಯೆತ್ತಿ ಮಾಡು ನೋಡಿ. ಬಯಲುಸೀಮೆಯ ಗುಡಿಗಳಂತೆ ಮಟ್ಟಸವಾಗಿಲ್ಲ. ಅಂತಸ್ತು ಅಂತಸ್ತಾಗಿ ಇಳಿಜಾರಾಗಿದೆ. ನೀರು ನಿಲ್ಲದೆ ಜಾರಬೇಕು, ಗೋಡೆ ತೋಯಬಾರದು. ಮಳೆಯೇ ಇಲ್ಲಿನ ವಾಸ್ತುವನ್ನು ತಿದ್ದಿದೆ. ಹತ್ತಿರದಲ್ಲೇ ಚೌಟರ ಅರಮನೆಯ ಮರದ ಕಂಬಗಳಿವೆ. ಒಂದರಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರೀಕುಂಜರ, ಇನ್ನೊಂದರಲ್ಲಿ ಐವರು ಸೇರಿ ಕುದುರೆಯಾದ ಪಂಚನಾರೀತುರಗ.

ಕಲ್ಲು, ಮರಗಳ ಮಾತು ಹಾಗಿರಲಿ. ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳು ಶತಮಾನಗಳ ಕಾಲ ಉಳಿದದ್ದು ಮೂಡುಬಿದಿರೆಯ ತಾಳೆಗರಿಗಳಲ್ಲಿ. ಭಾಷೆ ಮುಖ್ಯವಾಗಿ ಪ್ರಾಕೃತ, ಲಿಪಿ ಹಳಗನ್ನಡ. ತೇವ, ಗೆದ್ದಲು ಎರಡೂ ಇರುವ ಊರಿನಲ್ಲಿ ಗರಿ ತಾನಾಗಿ ಉಳಿಯುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ಯಾರೋ ಅದನ್ನು ಜೋಪಾನ ಮಾಡಿದ್ದಾರೆ.

ಮುಂದೆ ವೇಣೂರು. ಫಲ್ಗುಣಿಯ ದಡದಲ್ಲಿ 1604ರಲ್ಲಿ ಅಜಿಲ ಅರಸರು ನಿಲ್ಲಿಸಿದ 35 ಅಡಿಯ ಬಾಹುಬಲಿ ಮಾಡಿಲ್ಲದೆ ನಾಲ್ಕು ನೂರಕ್ಕೂ ಹೆಚ್ಚು ಮಳೆಗಾಲ ಕಂಡಿದ್ದಾನೆ. ಅಲ್ಲಿಂದ ಬೆಳ್ತಂಗಡಿಯತ್ತ ಸಾಗಿದರೆ ಗಡಾಯಿಕಲ್ಲು ಕಾಣುತ್ತದೆ. ಸುತ್ತಲಿನ ಮೆದು ಭಾಗ ಸವೆದು ಉಳಿದ ಬರಿಮೈಯ ಹೆಬ್ಬಂಡೆ. 1794ರಲ್ಲಿ ಟಿಪ್ಪು ಸುಲ್ತಾನ್ ಇದರ ಮೇಲೆ ಕೋಟೆ ಕಟ್ಟಿಸಿ ತನ್ನ ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ. ಹತ್ತಲು ಅರ್ಧ ದಿನವೇ ಬೇಕು, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಈ ಸಲ ಕೆಳಗಿನಿಂದಲೇ ನೋಡಿ.

ಕೊನೆಗೆ ಬಂಟ್ವಾಳ. ಇಲ್ಲಿ ನಮ್ಮ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರವಿದೆ. ಘಟ್ಟದ ಕಾಫಿ ಈ ಪೇಟೆಗೆ ಇಳಿದು, ದೋಣಿಯೇರಿ ಮಂಗಳೂರಿಗೆ ಹೋಗುತ್ತಿದ್ದ ಕಾಲವಿತ್ತು. ಪೇಟೆಗೆ ಅನ್ನ ಕೊಟ್ಟ ನೇತ್ರಾವತಿಯೇ 1923ರಲ್ಲಿ, ಮತ್ತೆ 1974ರಲ್ಲಿ ಒಳನುಗ್ಗಿತು. ಇಂದಿನ ಗದ್ದಲವೆಲ್ಲ ಹೆದ್ದಾರಿಯ ಬಿ.ಸಿ. ರೋಡಿನಲ್ಲಿ. ಬಂಟ್ವಾಳ ಕ್ರಾಸ್ ರೋಡ್ ಎಂಬುದರ ಚಿಕ್ಕ ರೂಪ ಅದು. ನದಿಯಿಂದ ರಸ್ತೆಗೆ ವ್ಯಾಪಾರ ಸರಿದ ಕಥೆ ಆ ಹೆಸರಿನಲ್ಲೇ ಇದೆ. ಅಲ್ಲಿಂದ ಮಂಗಳೂರು ಸುಮಾರು 25 ಕಿ.ಮೀ.

ಮಳೆಗಾಲ ಕಳೆದ ಮೇಲೆ ಹೊರಡಿ, ಬೆಳಿಗ್ಗೆ ಬೇಗ ಹೊರಡಿ. ಟಿಪ್ಪಣಿ ಪುಸ್ತಕ ಜೊತೆಗಿರಲಿ. ಮಾಡಿನ ಇಳಿಜಾರು, ಗೋಡೆಯ ಕಲ್ಲು, ನದಿಯ ದಡ ಇವುಗಳ ಚಿತ್ರ ಬರೆದುಕೊಳ್ಳಿ. ಕಂಬದ ಮೇಲೆ ಮಾತ್ರ ನಿಮ್ಮ ಹೆಸರು ಗೀಚಬೇಡಿ. ಆರು ಶತಮಾನದ ಮಳೆ ಅಳಿಸಲಾಗದ್ದನ್ನು ಒಂದು ಮೊಳೆ ಒಂದೇ ನಿಮಿಷದಲ್ಲಿ ಕೆಡಿಸಬಲ್ಲದು.